ಸದರಿ

ಚಿಂತಾಮಣಿ ಸರ್ಕಾರಿ ಆಸ್ಪತ್ರೆ, ಚೀಟಿ ಕೌಂಟರು,
ಸರಳುಗಳ ಹಿಂದೆ ನಾನು.
ಹೆಸರು? ವಯಸ್ಸು? ಊರು? ಏನು ತೊಂದರೆ?

ನಡುಮು ಅನ್ನುತ್ತಾನೆ ನಾರೆಪ್ಪ.
ಕಮರ್ ಅನ್ನುತ್ತಾಳೆ ಫಹಮೀದಾ.
ಗಂಗುಲಮ್ಮ ಏನೂ ಅನ್ನುವುದಿಲ್ಲ, ತಿರುಗಿ ನಿಂತು
ಸೆರಗಿನ ಕೆಳಗೆ ಹೆಬ್ಬೆರಳೂರಿ ತೋರಿಸುತ್ತಾಳೆ.
ನನ್ನ ಪುಸ್ತಕದಲ್ಲಿ ಎಲ್ಲಕ್ಕೂ ಒಂದೇ ಪದ:
ಸೊಂಟ.
ಹತ್ತು ಗಂಟೆವರೆಗೆ ಪೂರ್ತಿ ಬರೆಯುತ್ತೇನೆ,
ಆಮೇಲೆ ಸದರಿ, ಸದರಿ, ಸದರಿ.
ಹನ್ನೊಂದಕ್ಕೆ ಅದೂ ಬೇಸರವಾಗಿ ಬರೀ ಎರಡು ಗೀರು.
ಪುಟದುದ್ದಕ್ಕೂ ಇರುವೆ ಸಾಲು.

ಕೈಯಿಟ್ಟ ಜಾಗ ನೋಡಿ ಕಸುಬು ಹೇಳಬಲ್ಲೆ ಈಗ.
ಎಡಮಗ್ಗುಲು ಒತ್ತಿಕೊಂಡರೆ ಟೊಮೆಟೊ ಮಂಡಿ,
ಬಾಕ್ಸು ಎತ್ತಿ, ಅರೆ ಸುತ್ತು ತಿರುಗಿ, ಲಾರಿಗೆ ಕೊಡುವವರು.
ಎರಡೂ ಕೈ ಹಿಂದಕ್ಕೂರಿ ಸೂರು ನೋಡುತ್ತಿದ್ದರೆ
ಶಿಡ್ಲಘಟ್ಟ, ಬಿಸಿನೀರ ಬಾಣಲೆಯಲ್ಲಿ
ಗೂಡಿನ ಎಳೆ ಹುಡುಕುತ್ತ ಬಗ್ಗಿದವರು.
ಬೆಂಚು ಖಾಲಿಯಿದ್ದೂ ನಿಂತೇ ಇದ್ದರೆ
ಬಾಗೇಪಲ್ಲಿ ರೂಟಿನ ಡ್ರೈವರು.

ಟೊಂಕ ಕಟ್ಟಿ ನಿಲ್ಲಿ ಅನ್ನುತ್ತಾರಲ್ಲ ಭಾಷಣದಲ್ಲಿ,
ಇಲ್ಲಿಗೆ ಬಂದವರೆಲ್ಲ ಕಟ್ಟಿಕೊಂಡೇ ಬಂದಿದ್ದಾರೆ:
ಟವೆಲ್ಲು, ಹಳೆ ಸೀರೆಯ ಅಂಚು,
ಒಬ್ಬನಂತೂ ಸೈಕಲ್ ಟ್ಯೂಬು.

ಡಾಕ್ಟರು ಬರೆಯುವುದು ಎರಡು ಮಾತ್ರೆ, ಒಂದು ಮುಲಾಮು,
ಕೆಳಗೆ ಗೆರೆ ಎಳೆದು: ಹದಿನೈದು ದಿನ ರೆಸ್ಟ್.
ನಾರೆಪ್ಪ ಔಷಧಿ ಕಿಟಕಿಯಿಂದ ವಾಪಸ್ಸು ಬಂದ.
'ಸಾರ್, ಮೂರು ಕೊಟ್ರು. ನಾಕ್ನೇದು ಸ್ಟಾಕಿಲ್ವಂತೆ,
ಹೊರಗಡೆ ತಗೋಬೇಕಾ?'
ಓದಲು ಬಾರದೆ ಕೇಳಿದನೋ, ಬಂದೇ ಕೇಳಿದನೋ,
ಮುಖದಲ್ಲಿ ತಿಳಿಯಲಿಲ್ಲ.
ದಿನಕ್ಕೆ ಇಷ್ಟು ಬಾಕ್ಸು, ಬಾಕ್ಸಿಗೆ ಇಷ್ಟು,
ಹದಿನೈದಕ್ಕೆ? ಬೆರಳು ಮಡಿಸುತ್ತ ಹೋದ.
ಲೆಕ್ಕ ಮುಗಿಯುವ ಮೊದಲೇ ಗೇಟು ಬಂತು.

ಫಹಮೀದಾ ಚೌಕಾಸಿಗೆ ನಿಂತಳು:
ಹದಿನೈದು ಬೇಡ, ಅರ್ಧ ದಿನ ಬರೆಸಿಕೊಡಿ.
ನನ್ನ ಬಾಣಲೆ ಮುಂದೆ ಇವತ್ತು ನಾದಿನಿ ಕೂತಿದ್ದಾಳೆ,
ನಾಳೆಯೂ ಕೂತರೆ ಅದು ಅವಳ ಬಾಣಲೆ.
ಅವಳಿಗಿನ್ನೂ ಹತ್ತೊಂಬತ್ತು, ಸಾರ್.
ಬಗ್ಗಿದವಳು ಒಂದೇ ಸಲಕ್ಕೆ ಏಳುತ್ತಾಳೆ.

ಒಂದು ಗಂಟೆಗೆ ಕೌಂಟರು ಮುಚ್ಚಿದೆ.
ಗಂಗುಲಮ್ಮ, ಬೆಳಿಗ್ಗೆ ಏಳನೇ ಚೀಟಿ,
ಬಕೆಟ್ಟು ಹಿಡಿದು ಒಳಗೆ ಬಂದಳು.
ಈ ಆಸ್ಪತ್ರೆ ಒರೆಸುವವಳು ಅವಳೇ.
'ಏಳಿ ಸಾರ್, ಕುರ್ಚಿ ಕೆಳಗೆ ನೀರು ಹಾಕ್ಬೇಕು.'
ಏಳುತ್ತೇನೆ, ತಾಳು.
ಇಪ್ಪತ್ತೆರಡು ವರ್ಷ ಕೂತ ಕುರ್ಚಿ ಇದು,
ಏಳುವುದು ಮೂರು ಕಂತಿನಲ್ಲಿ.
ಮೇಜಿನ ಆ ತುದಿ ಅವಳು ಹಿಡಿದಿದ್ದಾಳೆ,
ಈ ತುದಿ ನಾನು.
ಪುಸ್ತಕ ಇನ್ನೂ ತೆರೆದೇ ಇದೆ ನಡುವೆ.