ಒಂದೊಂದೇ ಹಲ್ಲು

ಜಿನೀವಾದ ಸಭಾಂಗಣದಲ್ಲಿ ಮೂರನೇ ಗಾಜಿನ ಗೂಡು ನನ್ನದು.
ಸರೋವರ ಕಾಣುವುದಿಲ್ಲ, ಎರಡೂ ಬಣಗಳ ಬೋಳುತಲೆ ಕಾಣುತ್ತವೆ.
ರಷ್ಯದವರು 'ರಜ್ರ್ಯಾದ್ಕಾ' ಅಂದಾಗಲೆಲ್ಲ
ನಾನು 'ದೇತಾಂತ್' ಅನ್ನಬೇಕು.
ಬೆಳಗಿಂದ ಹದಿನೇಳು ಸಲ ಅಂದೆ.

ಬಿಡುವಿನಲ್ಲಿ ಪಕ್ಕದ ಗೂಡಿನ ಜಿನೈದಾ
ಸಿಗರೇಟು ಹಚ್ಚುತ್ತ ಹೇಳಿದಳು:
ನಮ್ಮಲ್ಲಿ ಅದು ಬಂದೂಕಿನಿಂದ ಗುಂಡು ತೆಗೆಯುವುದು.
ಬ್ಯಾಟರಿ ಖಾಲಿಯಾಗುವುದೂ ಅದೇ.
ಅಚ್ಚುಮನೆಯಲ್ಲಿ ಅಕ್ಷರ ಅಕ್ಷರದ ನಡುವೆ
ಜಾಗ ಬಿಟ್ಟು ಮೊಳೆ ಜೋಡಿಸುವುದೂ ಅದೇ.
ನಿಮ್ಮಲ್ಲಿ?

ಹೆದೆ ಇಳಿಸಿದ ಬಿಲ್ಲು, ಎಂದೆ, ನಿಘಂಟಿನ ಹುಡುಗಿಯಂತೆ.
ರಜಾದಿನದ ಆರಾಮಕುರ್ಚಿ.
ಆಮೇಲೆ ತಮ್ಮನ ಬೀರುವಿನಲ್ಲಿರುವ ಸೈನ್ಯದ ರೈಫಲ್ಲು ನೆನಪಾಯಿತು;
ಅವನ ತೋರುಬೆರಳು ಒತ್ತುವ ಕೊಕ್ಕೆಗೂ
ಅದೇ ಹೆಸರು.
ಹೇಳಲಿಲ್ಲ.

ಭಾನುವಾರ ಲ ಲೋಕ್ಲ್‌ಗೆ ರೈಲು.
ಅಪ್ಪ ನ್ಯೂಮಾ ಕಿಟಕಿ ಬೆಳಕಿನಲ್ಲಿ, ಕಣ್ಣಿಗೆ ಕನ್ನಡಿ ಸಿಕ್ಕಿಸಿಕೊಂಡು,
ಹಡಗಿನ ಗಡಿಯಾರವೊಂದರ ಹೊಟ್ಟೆ ಬಿಚ್ಚಿ ಕೂತಿದ್ದ.
"ಪೇಪರಿನಲ್ಲಿ ಎಲ್ಲರೂ ಹಲ್ಲು ಬಿಟ್ಟುಕೊಂಡು ನಿಂತಿರ್ತಾರೆ.
ಕೆಳಗೆ ನನ್ನ ಬಿಡಿಭಾಗದ ಹೆಸರು. ಯಾಕೆ?"
ಚಿಮುಟದ ತುದಿಯಲ್ಲಿ ಕೂದಲೆಳೆಯಂಥ ಉಕ್ಕು ಎತ್ತಿದ.
"ಇದು ಚಕ್ರದ ಹಲ್ಲು ಹಿಡಿದಿರುತ್ತೆ.
ತಟ್ಟಿದರೆ ಒಂದೇ ಹಲ್ಲು ಬಿಡುತ್ತೆ,
ಮತ್ತೆ ಹಿಡಿಯುತ್ತೆ. ಅಷ್ಟೇ ಇದರ ಕಸುಬು."
ಒಳಗಿನ ಸ್ಪ್ರಿಂಗು ಸಡಿಲವಾಗಲ್ಲವೇ?
"ಸಡಿಲವಾದರೆ ಗಡಿಯಾರ ಎಲ್ಲಿಂದ ಬಂತು, ಓಡೀಲ್?
ಮತ್ತೆ ಕೇಳು, ಕುಲುಕಬಾರದು.
ಕುಲುಕಿದರೆ ಎರಡು ಹಲ್ಲು ಹಾರಿ, ಹೊತ್ತು ತಪ್ಪುತ್ತೆ.
ಅದಕ್ಕೇ ಹಡಗಿನವರು ಪೆಟ್ಟಿಗೆಯಲ್ಲಿ ಮಲಗಿಸಿಡ್ತಾರೆ,
ಮಗುವಿನ ಹಾಗೆ."

ಸೋಮವಾರ, ಹದಿನೆಂಟನೇ ಸಲ,
ಆ ಪದದ ಮುಂಚೆ ಅರ್ಧ ಉಸಿರು ತಡೆದೆ.
ನಿಯೋಗಗಳಿಗೆ ಗೊತ್ತಾಗಲಿಲ್ಲ. ಕಾಫಿ ಕಲಕುತ್ತಿದ್ದರು.
ಗಾಜಿನಾಚೆ ಜಿನೈದಾ ಮಾತ್ರ ತಲೆಯೆತ್ತಿದಳು.

ಆರು ವರ್ಷ.
ಎಂಬತ್ತರ ಜನವರಿ, ಇಡೀ ದಿನ ಕಾದೆ;
ಯಾರೂ ಆ ಪದ ಎತ್ತಲಿಲ್ಲ.
ಪಕ್ಕದ ಗೂಡಿನಲ್ಲಿ ಹೊಸಬ, ಸಿಗರೇಟು ಸೇದದವನು.
ಡ್ರಾಯರಿನಲ್ಲಿ ಹಳೆಯ ಕಾರ್ಡು ಇತ್ತು,
ಅಕ್ಷರಗಳ ನಡುವೆ ಜಾಗ ಬಿಟ್ಟು ಟೈಪು ಮಾಡಿದ್ದು.
ಎಸೆಯಲಿಲ್ಲ. ಎಲ್ಲದರ ಹಿಂದಕ್ಕೆ ಸರಿಸಿದೆ.

ರಾತ್ರಿ ಕೋಣೆಗೆ ಬಂದು
ಅಪ್ಪ ಬಿಟ್ಟುಹೋದ ಪೆಟ್ಟಿಗೆ ತೆರೆದು
ಗಡಿಯಾರಕ್ಕೆ ಕೀ ಕೊಟ್ಟೆ.
ಏಳೂವರೆ ಸುತ್ತು. ಎಣಿಸಿ ಕೊಡಬೇಕು.