ಚೇರ್ಮನ್ ಶೆಟ್ಟರ ಖಾತೆ

ಬದರಿ ಶೆಟ್ಟರು ಕರಿಗುಂಡಿಗೆ ಬಂದಾಗ
ಊರು ಇರಲಿಲ್ಲ.
ಗುಂಡಿ ಇತ್ತು, ಸಿಡಿಮದ್ದಿನ ಕೋಣೆ ಇತ್ತು,
ನುಗ್ಗೇಹಳ್ಳಿ ರಸ್ತೆಗೆ ಮುಖ ಮಾಡಿ ಕಂಪನಿಯ ತಗಡಿನ ಬೋರ್ಡು.
ಅರಸೀಕೆರೆಯಿಂದ ಗಾಡಿಯಲ್ಲಿ ಅವರು ತಂದದ್ದು
ನಾಲ್ಕು ಮೂಟೆ, ಒಂದು ಡಬ್ಬ ಸೀಮೆಎಣ್ಣೆ,
ಮಾವ ಕೊಟ್ಟ ಹಿತ್ತಾಳೆ ತಕ್ಕಡಿ.

ಸಾಮಾನಿನ ತಟ್ಟೆಯ ಅಡಿಗೆ
ಚಿಟಿಕೆ ಹುಣಸೆಹಣ್ಣು ಅಂಟಿಸುತ್ತಿದ್ದರು ಅಂತ
ಅಮ್ಮ ಹೇಳುತ್ತಿದ್ದಳು. ಬೈದು ಅಲ್ಲ,
ಅವರಿಗೆ ಮಂಡಿನೋವಿತ್ತು ಅನ್ನುವ ಹಾಗೆ.

ಕೋಲಾರದಿಂದ, ಧರ್ಮಪುರಿಯಿಂದ, ಹಿರಿಯೂರಿನ ಆಚೆಯಿಂದ
ಬಂದವರೆಲ್ಲ ಮೊದಲು ನಿಂತದ್ದು ಅವರ ಕಟ್ಟೆಯ ಮುಂದೆ.
ಹೆಸರೇನು? ಅಪ್ಪನ ಹೆಸರು? ಎಷ್ಟು ಜನ ಉಣ್ಣೋರು?
ಕೆಂಪು ಬಟ್ಟೆಯ ಉದ್ದನೆ ಪುಸ್ತಕದಲ್ಲಿ
ಒಬ್ಬೊಬ್ಬರಿಗೆ ಒಂದು ಪುಟ, ತಲೆಯಲ್ಲಿ ಶ್ರೀ.
ಮುನಿಯಮ್ಮ, ಕಪ್ಪು ಸೀರೆ.
ಮುನಿಯಮ್ಮ, ಗಿಡ್ಡ.
ಮುನಿಯಮ್ಮ, ಗಂಡ ಇಲ್ಲ.
ಮೂರನೆಯವಳು ನನ್ನ ಅಮ್ಮ.

ಸರ್ಕಾರಕ್ಕೆ ನಾವು ಗೊತ್ತಿರಲಿಲ್ಲ.
ಕಂಪನಿಗೆ ನಾವು ನಂಬರು ಕೊರೆದ ಬಿಲ್ಲೆ.
ಶೆಟ್ಟರ ಪುಸ್ತಕದಲ್ಲಿ ಮಾತ್ರ
ಅಕ್ಕಿ ಬೆಲ್ಲ ಬೀಡಿಕಟ್ಟು ಸಮೇತ ಇದ್ದೆವು.

ಅರವತ್ತೆಂಟರಲ್ಲಿ ಚುನಾವಣೆ.
ಪಟ್ಟಿ ಬರೆಯಲು ಬಂದವರು
ಲೈನುಮನೆಗಳ ಮುಂದೆ ತಲೆ ಕೆರೆದುಕೊಂಡು ನಿಂತಾಗ
ಶೆಟ್ಟರು ಕೆಂಪು ಪುಸ್ತಕ ಬಿಚ್ಚಿ, "ಬರ್ಕೊಳಿ" ಅಂದರು.
ಹೀಗೆ ಸಾಲಗಾರರೆಲ್ಲ ಮತದಾರರಾದೆವು.
ಗೆದ್ದದ್ದು ಹನ್ನೊಂದು ಓಟಿನಲ್ಲಿ.
"ಇನ್ನೂರು ಜನ ಬಾಕಿ ಇಟ್ಟಿದ್ದೀರಿ, ಹನ್ನೊಂದೇ ಏನ್ರೋ?"
ಹಿಂದಿನಿಂದ ಯಾರೋ, "ತೂಕದಲ್ಲಿ ಹೋಯ್ತು ಸ್ವಾಮಿ."
ಮೊದಲು ನಕ್ಕವರು ಶೆಟ್ಟರೇ.

ಚೇರ್ಮನ್ ಆದ ಮೇಲೂ ಅಂಗಡಿ ತೆಗೆಯುತ್ತಿದ್ದರು.
ಪಂಚಾಯಿತಿ ಮೊಹರು ಸಕ್ಕರೆ ಡಬ್ಬದ ಪಕ್ಕ.
ಸಾವು ಬರೆಸಲು ಹೋದವರು
ಕಾಲು ಕೇಜಿ ಬೇಳೆ ಕಟ್ಟಿಸಿಕೊಂಡು ಬರುತ್ತಿದ್ದರು.
ಮೊದಲ ನಲ್ಲಿ ಬಂದದ್ದು ಅಂಗಡಿಯ ಮುಂದೆ;
ಎರಡನೆಯದಕ್ಕೆ ನಾವು ಆರು ವರ್ಷ ಕಾದೆವು.

ಆಮೇಲೆ ಕಂಪನಿ, ಲೈನುಮನೆ ಖಾಲಿ ಮಾಡಿ,
ಅಡಿಯಲ್ಲಿ ಅದಿರಿದೆ ಅಂದಿತು.
ಜೀಪಿನಲ್ಲಿ ಬಂದ ಮ್ಯಾನೇಜರನಿಗೆ
ಶೆಟ್ಟರು ಕೈಮುಗಿಯಲಿಲ್ಲ, ಕೂಗಾಡಲಿಲ್ಲ.
ಕಂಪನಿ ಕ್ಯಾಂಟೀನಿನ ಒಂಬತ್ತು ತಿಂಗಳ ಬಾಕಿ
ಪೈಸೆ ಬಿಡದೆ ಓದಿದರು,
ಇಡೀ ಲೈನು ಕೇಳುವ ಹಾಗೆ.
ಹಾಸನಕ್ಕೆ ಏಳು ಸಲ ಹೋಗಿ ಬಂದರು.
ಎಂಟನೆಯ ಸಲ ಬಂದ ರಾತ್ರಿ, ಲಾಂದ್ರದಡಿ,
ಪಡುವಣ ದಿಬ್ಬದ ಮೇಲಿನ ಜಾಗ
ಹೊಸ ರಿಜಿಸ್ಟರಿಗೆ ಹತ್ತಿತು:
ಮೂವತ್ತು ನಲವತ್ತು, ಮೂವತ್ತು ನಲವತ್ತು.
ಸಾಲದ ಖಾತೆ ಇದ್ದವರಿಗೆಲ್ಲ ಮನೆಯ ಖಾತೆ.
ಎರಡಕ್ಕೂ ಒಂದೇ ಮಾತು ಅಂತ ನನಗೆ ಹೊಳೆದದ್ದು
ಅದೇ ಪಂಚಾಯಿತಿಗೆ ಬಿಲ್ ಕಲೆಕ್ಟರಾದ ಮೇಲೆ.

ಟೇಪು ಹಿಡಿದು ಅಳೆದೆ ಒಮ್ಮೆ.
ನಮ್ಮ ಸೈಟು ಇಪ್ಪತ್ತೊಂಬತ್ತು.
ಗಿಡ್ಡ ಮುನಿಯಮ್ಮನದೂ ಅಷ್ಟೇ. ಕಪ್ಪು ಸೀರೆಯದೂ.
ಮುದುಕ ನೆಲಕ್ಕೂ ಹುಣಸೆ ಅಂಟಿಸಿದ್ದ!
ಸಾಲಿಗೆ ಹದಿನಾಲ್ಕು ಮನೆ, ಕದ್ದದ್ದು ಹದಿನಾಲ್ಕು ಅಡಿ,
ಹದಿನಾಲ್ಕು ಅಡಿಯ ಒಂದು ಓಣಿ.
ನೀರಿನ ಲಾರಿ ಬರುತ್ತಿದ್ದದ್ದು ಅದರಲ್ಲೇ,
ತಂಗಿಯ ಹೆರಿಗೆಗೆ ಆಂಬುಲೆನ್ಸು ನುಗ್ಗಿದ್ದೂ.
ತುದಿಯಲ್ಲಿ ಏನಿದೆ ಅಂತ ನಡೆದು ನೋಡಿದೆ:
ಶೆಟ್ಟರ ಉಗ್ರಾಣದ ಹಿಂಬಾಗಿಲು.

ಗುಂಡಿಯಲ್ಲಿ ಈಗ ಹಸಿರು ನೀರು.
ಶೆಟ್ಟರು ಹೋದ ವರ್ಷ, ಮೊಮ್ಮಗಳು
ಕೆಂಪು ಪುಸ್ತಕಗಳನ್ನು ರದ್ದಿಗೆ ಕಟ್ಟಿಟ್ಟಿದ್ದಳು.
ಒಂದನ್ನು ಒಂದು ದಿನಕ್ಕೆ ಇಸ್ಕೊಂಡೆ.
ಅಪ್ಪನ ಪುಟ: ಹದಿನೇಳು ರೂಪಾಯಿ ನಲವತ್ತು ಪೈಸೆ.
"ಕಲ್ಲು ಬಿದ್ದು ಹೋದ. ಹೆಂಡತಿಯ ಪುಟ ನೋಡಿ."
ಅಮ್ಮನ ಪುಟದ ಮೊದಲ ಸಾಲು ಅದೇ.
ಹೊಡೆದು ಹಾಕಿಲ್ಲ.
ಅವಳು ಇರುವ ತನಕ ಒಮ್ಮೆಯೂ ಕೇಳಿರಲಿಲ್ಲ.
ವಸೂಲಿ ಕಲಮು ಖಾಲಿ.

ಪುಸ್ತಕದ ಜೊತೆ ಇಪ್ಪತ್ತು ರೂಪಾಯಿ ಕೊಟ್ಟೆ.
ಯಾಕೆ ಅಂತ ಹುಡುಗಿ ಕೇಳಲಿಲ್ಲ, ಲೆಕ್ಕ ಮಾತ್ರ ಕೇಳಿದಳು.
ಚಿಲ್ಲರೆ ಇಲ್ಲ ಅಂತ
ಒಂದೊಂದು ರೂಪಾಯಿಯ ಎರಡು ಚಾಕಲೇಟು ಕೈಗಿಟ್ಟಳು.
ಅರವತ್ತು ಪೈಸೆ
ಆ ಕಡೆಯೇ ಉಳಿಯಿತು.