ಎಂಟು ಸಲ ಮಗುಚಿ

ಬೆಳಗಿನ ಏಳೂವರೆ. ಡಂಡೀ ಊರಿಗೆ ಇನ್ನೂ ಕತ್ತಲು ಬಿಟ್ಟಿಲ್ಲ.
ಟೇ ನದಿಯ ಸೇತುವೆ ಮೇಲೆ ರೈಲೊಂದು
ತನ್ನ ಕಿಟಕಿಗಳನ್ನು ತಾನೇ ಎಣಿಸಿಕೊಳ್ಳುತ್ತ ಹೋಗುತ್ತಿದೆ.
ಖಾಲಿ ಹೊಟ್ಟೆಯಲ್ಲಿ ಬಂದವರು ಹನ್ನೊಂದು ಮಂದಿ,
ಎಲ್ಲರೂ ಆರೋಗ್ಯವಂತರು. ಅದೇ ಷರತ್ತು.

ನನ್ನದು ಸೂಜಿ ಚುಚ್ಚುವ ಕೆಲಸ.
ಹಳದಿ ಮುಚ್ಚಳದವು ಎರಡು, ನೇರಳೆಯದು ಒಂದು.
ನೇರಳೆಯದನ್ನು ತುಂಬಿದ ಕೂಡಲೇ ಎಂಟು ಸಲ ಮಗುಚಬೇಕು,
ಮೆಲ್ಲಗೆ, ನಿದ್ದೆ ಹತ್ತಿದ ಕೂಸನ್ನು
ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡ ಹಾಗೆ.

ಅದಕ್ಕೂ ಮೊದಲು ಅರವತ್ತು ಪ್ರಶ್ನೆಗಳ ಹಾಳೆ.
ಚಿಂತೆ ಹಚ್ಚಿಕೊಳ್ಳುತ್ತೀರಾ? ಹಿಡಿದ ಕೆಲಸ ಮುಗಿಸುತ್ತೀರಾ?
ಒಂದರಿಂದ ಐದು, ನಿಮಗೆ ನೀವೇ ಅಂಕ ಕೊಟ್ಟುಕೊಳ್ಳಿ.

ಇಶ್ಬೆಲ್ ಕಿನ್ನೆಯರ್, ಪಿಯಾನೊಗೆ ಶ್ರುತಿ ಕೂಡಿಸುವವಳು,
ಶಾಂತ ಸ್ವಭಾವಕ್ಕೆ ಐದು ಹಾಕಿ
ಸೂಜಿ ಕಂಡದ್ದೇ ತಡ, ಬಿಳಿಚಿ ಒರಗಿದಳು.
ಎಚ್ಚರವಾದ ಮೇಲೆ ಕೇಳಿದ್ದು ಇಷ್ಟೇ:
ಐದನ್ನು ತಿದ್ದಿ ನಾಲ್ಕು ಮಾಡಲೇ?

ನಮ್ಮ ಸೋದರತ್ತೆಗೆ ಹಾಳೆಯೂ ಬೇಕಿರಲಿಲ್ಲ, ಸೂಜಿಯೂ.
ಎಗರಾಡುವವನನ್ನು ಕಂಡರೆ
ಪಿತ್ತ ನೆತ್ತಿಗೇರಿದೆ, ಮಜ್ಜಿಗೆ ಕೊಡಿ ಅನ್ನುತ್ತಿದ್ದಳು.
ಮಜ್ಜಿಗೆಗೂ ಇಳಿಯದಿದ್ದರೆ
ಹುಟ್ಟುಗುಣ, ಸುಟ್ಟರೂ ಹೋಗದು.
ಲಕ್ಷಣ, ಮದ್ದು, ತೀರ್ಪು, ಎಲ್ಲ ಒಂದೇ ಉಸಿರಿಗೆ.

ಡಾಕ್ಟರ್ ಆಗ್ನ್ಯೂ ಹಾಗೆ ಹೇಳುವವರಲ್ಲ.
ಉರಿಯೂತದ ಅಂಶ ತುಸು ಏರಿದವರಲ್ಲಿ
ಶಿಸ್ತು ತುಸು ಇಳಿದಿರಬಹುದು, ಇಳಿಯದೆಯೂ ಇರಬಹುದು,
ನಂಟು ಪಾಯಿಂಟ್ ಸೊನ್ನೆ ಎಂಟು, ಅನ್ನುತ್ತಾರೆ.
ಇದೂ ರಕ್ತಸಂಬಂಧವೇ ಅಂದುಕೊಂಡೆ,
ದೂರದ ದಾಯಾದಿಯದು:
ಮದುವೆ ಕಾಗದ ಕಳಿಸಿದರೂ ಸೈ, ಮರೆತರೂ ಸೈ.

ಟಾರ್ಕಿಲ್ ಮಿಲ್ನ್, ಹಡಗುಕಟ್ಟೆಯಲ್ಲಿ ಕ್ರೇನ್ ನಡೆಸಿದವನು.
ಹದಿನೇಳನೆಯ ಪ್ರಶ್ನೆ: ಅಪರಿಚಿತರನ್ನು ನಂಬುತ್ತೀರಾ?
ಒಂದು, ಎಂದು ಒತ್ತಿ ಬರೆದಿದ್ದ. ಹಾಳೆ ತೂತಾಗಿತ್ತು.
ಆಮೇಲೆ ತೋಳು ಮಡಚಿ, ಕಣ್ಣು ಮುಚ್ಚಿ,
ಎದೆಯ ಬಿಲ್ಲೆಯಲ್ಲಿದ್ದ ನನ್ನ ಹೆಸರು ಓದಲು ಬಾರದೆಯೂ
ಇಡೀ ಕೈಯನ್ನು ನನ್ನ ಅಂಗೈಯಲ್ಲಿಟ್ಟ.
ಯಾವ ಅಂಕಣದಲ್ಲಿ ಬರೆಯಲಿ ಇದನ್ನು?

ಹನ್ನೊಂದು ಗಂಟೆಗೆ ಗಿರಗಿರ ತಿರುಗಿಸಿ ತೆಗೆದರೆ
ಕೆಂಪೆಲ್ಲ ತಳಕ್ಕೆ, ಮೇಲೆ ಕಾಸಿದ ತುಪ್ಪದ ಬಣ್ಣದ ತಿಳಿ.
ಹತ್ತು ಹಾಗಿದ್ದವು.
ಹನ್ನೊಂದನೆಯದು ಮಾತ್ರ ಅಕ್ಕಚ್ಚಿನಂತೆ ಮಬ್ಬು.
ಎವನ್ ಡಫ್, ಬೇಕರಿಯ ರಾತ್ರಿಪಾಳಿಯವನು,
ತೋಳಿನ ಮಡಿಕೆಯಲ್ಲಿ ಹಿಟ್ಟು ಹಾಗೇ ಇತ್ತು;
ಬೆಣ್ಣೆ ಬನ್ನು ಒಲೆಯಿಂದ ಇಳಿದಾಗ ಎಷ್ಟು ಗಂಟೆಯೋ.
ಅವನ ಹಾಳೆ ಹುಡುಕಿ ನೋಡಿದೆ.
ಪ್ರಾಮಾಣಿಕತೆ: ಐದು.

ಮಾದರಿ ಮಬ್ಬು, ಮತ್ತೆ ಕರೆಸಿ, ಎಂದಷ್ಟೇ ಬರೆದಿಟ್ಟೆ.
ನನ್ನ ಬುತ್ತಿ ಬಿಚ್ಚಿದೆ.